ಹಾಲಿನ ಲಾರಿಯ ಸ್ಟೇರಿಂಗ್ ಬಿಗಿಯಾದರೆ: ದೋಷ ಹುಡುಕುವ ಕ್ರಮ



ಹಸುವಿನ ಆರೈಕೆ, ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಇವುಗಳ ಬಗ್ಗೆ ಓದುವ ಪುಟದಲ್ಲಿ ಲಾರಿಯ ಸ್ಟೇರಿಂಗ್ ವಿಷಯ ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ನೀವು ಸಂಘದಲ್ಲಿ ಅಳೆದು ಕೊಟ್ಟ ಹಾಲಿಗೆ ಪೂರ್ಣ ಬೆಲೆ ಸಿಗಬೇಕಾದರೆ ಅದು ಕೆಡದೆ ಡೇರಿಯನ್ನು ಮುಟ್ಟಬೇಕು. ಮಾಸ್ತಿ ಹೋಬಳಿಯ ಹಾಲು ಮಾಲೂರು, ನರಸಾಪುರ ದಾಟಿ ಕೋಲಾರ ಸೇರುವವರೆಗೆ ಅದರ ಭಾರವೆಲ್ಲ ಒಂದು ವಾಹನದ ಮೇಲೆ, ಆ ವಾಹನದ ಭಾರವೆಲ್ಲ ಒಬ್ಬ ಚಾಲಕನ ಎರಡು ಕೈಗಳ ಮೇಲೆ ಇರುತ್ತದೆ.

ಇದಲ್ಲದೆ ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟೋ ಮಂದಿ ಲಾರಿ ಇಟ್ಟುಕೊಂಡಿದ್ದಾರೆ. ಕೆಲವರು ಹಾಲು ಸಾಗಣೆಯ ಗುತ್ತಿಗೆ ಹಿಡಿದಿದ್ದಾರೆ. ಕೆಲವರು ಮಾಲೂರಿನ ಇಟ್ಟಿಗೆ, ಹೆಂಚು ಸಾಗಿಸುತ್ತಾರೆ. ಇನ್ನು ಕೆಲವರು ಕೋಲಾರ ಮಾರುಕಟ್ಟೆಯಿಂದ ಟೊಮೆಟೊ, ಶ್ರೀನಿವಾಸಪುರದಿಂದ ಮಾವು ತುಂಬಿಕೊಂಡು ಆಂಧ್ರ, ತಮಿಳುನಾಡಿನ ಕಡೆ ಹೋಗುತ್ತಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ತೊಂದರೆ ಎಂದರೆ "ಸ್ಟೇರಿಂಗ್ ಟೈಟ್ ಆಗಿದೆ" ಎಂಬುದು. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಪವರ್ ಸ್ಟೇರಿಂಗ್ ಪಂಪು ಬದಲಾಯಿಸುವುದು. ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಸ್ಟೇರಿಂಗ್ ಮಾತ್ರ ಹಾಗೆಯೇ ಬಿಗಿಯಾಗಿ ಉಳಿಯುತ್ತದೆ.

ಹಸು ಹಾಲು ಕಡಿಮೆ ಮಾಡಿದ ಕೂಡಲೇ ನೀವು ಇಂಜೆಕ್ಷನ್ ಹಾಕಿಸುವುದಿಲ್ಲ. ಮೇವು ತಿಂದಿತೇ, ಜ್ವರ ಇದೆಯೇ, ಯಾವ ಮೊಲೆಯಲ್ಲಿ ಗಟ್ಟಿ ಇದೆ ಎಂದು ಒಂದೊಂದಾಗಿ ನೋಡುತ್ತೀರಿ. ಲಾರಿಗೂ ಅದೇ ಕ್ರಮ. ಮೊದಲು ಕೇಳಿ ತಿಳಿಯುವುದು, ಆಮೇಲೆ ಖರ್ಚಿಲ್ಲದೆ ನೋಡಬಹುದಾದ್ದನ್ನು ನೋಡುವುದು, ಕೊನೆಗೆ ಬಿಚ್ಚುವುದು.

ತಡವಾದರೆ ಆಗುವ ನಷ್ಟ

ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲಿಯೇ ಇರುತ್ತದೆ. ನಮ್ಮ ಬೇಸಿಗೆಯ ಬಿಸಿಗೆ ಅದರಲ್ಲಿರುವ ಸೂಕ್ಷ್ಮಾಣುಗಳು ಅರ್ಧ ಗಂಟೆಗೆ, ಕೆಲವೊಮ್ಮೆ ಅದಕ್ಕೂ ಮೊದಲೇ ಇಮ್ಮಡಿಯಾಗಬಲ್ಲವು. ಹೀಗಾದರೆ ಎರಡು ಗಂಟೆಯ ವಿಳಂಬದಲ್ಲಿ ಒಂದು ಹದಿನಾರಾಗುತ್ತದೆ. ಬಿ.ಎಂ.ಸಿ.ಯಲ್ಲಿ 4 ಡಿಗ್ರಿಗೆ ತಂಪು ಮಾಡಿದ ಹಾಲು ಟ್ಯಾಂಕರಿನಲ್ಲಿ ಹೆಚ್ಚು ಹೊತ್ತು ತಡೆಯುತ್ತದೆ ನಿಜ. ಆದರೆ ಕ್ಯಾನಿನಲ್ಲಿ ಹೋಗುವ ಹಾಲಿಗೆ ಆ ರಕ್ಷಣೆ ಇಲ್ಲ. ಡೇರಿಯ ಬಾಗಿಲಲ್ಲಿ ಕುದಿಸಿ ನೋಡುವ ಪರೀಕ್ಷೆಯಲ್ಲಿ ಒಡೆದ ಹಾಲಿಗೆ ಲಾರಿ ಕೆಟ್ಟಿತ್ತು ಎಂಬ ಸಮಾಧಾನ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಮಾತು ಪ್ರಾಣದ್ದು. 12,000 ಲೀಟರ್ ಹಾಲು ಎಂದರೆ ಸುಮಾರು 12,350 ಕೆ.ಜಿ. ತೂಕ, ಏಕೆಂದರೆ ಹಾಲು ನೀರಿಗಿಂತ ಸ್ವಲ್ಪ ಭಾರ. ಟ್ಯಾಂಕು ಪೂರ್ತಿ ತುಂಬಿರದಿದ್ದರೆ ತಿರುವಿನಲ್ಲಿ ಹಾಲು ಒಂದು ಪಕ್ಕಕ್ಕೆ ತುಯ್ದು ವಾಹನವನ್ನೂ ಆ ಕಡೆಗೆ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ಸ್ಟೇರಿಂಗ್ ಕೈಗೆ ಬಗ್ಗದಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಪವರ್ ಸ್ಟೇರಿಂಗ್ ಕೆಲಸ ಮಾಡುವ ಬಗೆ

ತುಂಬಿದ ಲಾರಿಯ ಮುಂದಿನ ಆಕ್ಸಲ್ ಮೇಲೆ ಐದಾರು ಟನ್ ಭಾರ ಬೀಳುತ್ತದೆ. ನಿಂತಲ್ಲೇ ಆ ಚಕ್ರಗಳನ್ನು ಬರಿಗೈಯಲ್ಲಿ ತಿರುಗಿಸುವುದು ಬಹಳ ಕಷ್ಟ. ಹಿಂದಿನ ಕಾಲದ ಚಾಲಕರು ಅಗಲವಾದ ಸ್ಟೇರಿಂಗ್ ಚಕ್ರ ಹಿಡಿದು ಎದ್ದು ನಿಂತು ತಿರುಗಿಸುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಈ ಕಷ್ಟಕ್ಕೆ ಎಣ್ಣೆಯ ಒತ್ತಡದಿಂದ ಪರಿಹಾರ ಹುಡುಕಿದವನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್. ಅವನು ಲಾರಿ ತಯಾರಿಕೆಯ ವಿಭಾಗದಲ್ಲಿ ಕೆಲಸ ಮಾಡಿದವನು. 1926ರಲ್ಲಿ ತನ್ನ ಸಾಧನವನ್ನು ಕಾರಿಗೆ ಜೋಡಿಸಿ ಓಡಿಸಿ ತೋರಿಸಿದನು. 1951ರಲ್ಲಿ ಕ್ರೈಸ್ಲರ್ ಕಂಪನಿಯ ಕಾರಿನಲ್ಲಿ ಪವರ್ ಸ್ಟೇರಿಂಗ್ ಮೊದಲ ಬಾರಿಗೆ ಮಾರಾಟಕ್ಕೆ ಬಂತು. ನಮ್ಮ ದೇಶದಲ್ಲಿ 1981ರಲ್ಲಿ ಪುಣೆಯಲ್ಲಿ ಜರ್ಮನಿಯ ಜೆಡ್.ಎಫ್. ಕಂಪನಿಯ ಸಹಯೋಗದಲ್ಲಿ ಸ್ಟೇರಿಂಗ್ ಗೇರ್ ತಯಾರಿಸುವ ಕಂಪನಿ ಸ್ಥಾಪನೆಯಾಯಿತು. ಮುಂದೆ ಲಾರಿ ಬಸ್ಸುಗಳಲ್ಲಿ ಈ ವ್ಯವಸ್ಥೆ ಸಾಮಾನ್ಯವಾಯಿತು.

ಇದರಲ್ಲಿ ನೀವು ತಿಳಿದಿರಬೇಕಾದ ಭಾಗಗಳು ಹೆಚ್ಚಿಲ್ಲ.

1. ಎಣ್ಣೆ ಡಬ್ಬಿ: ಸ್ಟೇರಿಂಗ್ ಎಣ್ಣೆ ಇರುವ ಚಿಕ್ಕ ಟ್ಯಾಂಕು. ಇದರೊಳಗೆ ಫಿಲ್ಟರ್ ಇರುತ್ತದೆ.

2. ಪಂಪು: ಎಂಜಿನ್ ಇದನ್ನು ಬೆಲ್ಟಿನಿಂದ ಅಥವಾ ಗೇರಿನಿಂದ ತಿರುಗಿಸುತ್ತದೆ. ಎಣ್ಣೆಯನ್ನು ಡಬ್ಬಿಯಿಂದ ಎಳೆದು ಒತ್ತಡದಲ್ಲಿ ತಳ್ಳುವುದು ಇದರ ಕೆಲಸ. ಒತ್ತಡ ಮಿತಿಮೀರದಂತೆ ತಡೆಯುವ ವಾಲ್ವ್ ಇದರೊಳಗೇ ಇರುತ್ತದೆ.

3. ಹೋಸ್ ಪೈಪುಗಳು: ಡಬ್ಬಿಯಿಂದ ಪಂಪಿಗೆ ಬರುವುದು ಎಳೆಯುವ ಪೈಪು. ಪಂಪಿನಿಂದ ಗೇರ್ ಬಾಕ್ಸಿಗೆ ಹೋಗುವುದು ಒತ್ತಡದ ಪೈಪು. ಗೇರ್ ಬಾಕ್ಸಿನಿಂದ ಡಬ್ಬಿಗೆ ಹಿಂತಿರುಗುವುದು ಮರಳುವ ಪೈಪು.

4. ಸ್ಟೇರಿಂಗ್ ಬಾಕ್ಸ್: ಚಾಲಕ ಸ್ಟೇರಿಂಗ್ ತಿರುಗಿಸಿದ ಕೂಡಲೇ ಇದರೊಳಗಿನ ವಾಲ್ವ್ ತೆರೆದು, ಎಣ್ಣೆ ಪಿಸ್ಟನ್ನಿನ ಒಂದು ಕಡೆಗೆ ನುಗ್ಗಿ ತಳ್ಳುತ್ತದೆ. ಎಡಕ್ಕೆ ತಿರುಗಿಸಿದರೆ ಒಂದು ಕಡೆ, ಬಲಕ್ಕೆ ತಿರುಗಿಸಿದರೆ ಇನ್ನೊಂದು ಕಡೆ.

5. ಕೆಳಗಿನ ಜೋಡಣೆ: ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್, ಕಿಂಗ್ ಪಿನ್. ಬಾಕ್ಸಿನ ಬಲ ಚಕ್ರವನ್ನು ಮುಟ್ಟುವುದು ಇವುಗಳ ಮೂಲಕ.

ನೇರ ರಸ್ತೆಯಲ್ಲಿ ಎಣ್ಣೆ ಬಹಳ ಕಡಿಮೆ ಒತ್ತಡದಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ. ತಿರುಗಿಸಿದಾಗ ಮಾತ್ರ ಒತ್ತಡ ಏರುತ್ತದೆ. ಭಾರಿ ವಾಹನಗಳಲ್ಲಿ ಮಾದರಿಗೆ ತಕ್ಕಂತೆ ಇದು 100 ಬಾರ್ ದಾಟುತ್ತದೆ. ಲಾರಿಯ ಟಯರಿನಲ್ಲಿರುವ ಗಾಳಿಯ ಒತ್ತಡ ಏಳೆಂಟು ಬಾರ್ ಎಂಬುದನ್ನು ನೆನೆದರೆ ಇದರ ಬಲ ಅರ್ಥವಾಗುತ್ತದೆ. ಆದ್ದರಿಂದ ಎಂಜಿನ್ ಓಡುತ್ತಿರುವಾಗ ಒತ್ತಡದ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಯಷ್ಟು ಸಣ್ಣ ಎಣ್ಣೆಯ ಧಾರೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ರಟ್ಟಿನ ಚೂರನ್ನು ಹಿಡಿದು ನೋಡಬೇಕು.

ಮೊದಲು ಚಾಲಕನನ್ನು ಕೇಳಿ

ಬಿಗಿ ಎಂಬ ಒಂದೇ ಮಾತಿನ ಹಿಂದೆ ಹತ್ತು ಬಗೆಯ ತೊಂದರೆ ಇರಬಹುದು. ಸ್ಪ್ಯಾನರ್ ಹಿಡಿಯುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಎರಡು ಕಡೆಗೂ ಬಿಗಿಯೇ, ಒಂದೇ ಕಡೆಗೆ ಬಿಗಿಯೇ? ಎರಡು ಕಡೆಗೂ ಬಿಗಿಯಾದರೆ ಎಣ್ಣೆ, ಬೆಲ್ಟ್, ಪಂಪು, ಟಯರ್, ಕಿಂಗ್ ಪಿನ್ ಇವುಗಳ ಮೇಲೆ ಸಂಶಯ. ಒಂದೇ ಕಡೆಗೆ ಬಿಗಿಯಾದರೆ ಪಂಪಿನ ತಪ್ಪು ಇರುವುದು ಅಪರೂಪ. ಎರಡು ಕಡೆಗೂ ಎಣ್ಣೆ ಕೊಡುವುದು ಅದೇ ಪಂಪು ತಾನೆ? ಆಗ ಬಾಕ್ಸಿನ ಒಳಗಿನ ವಾಲ್ವ್ ಅಥವಾ ಸೀಲನ್ನು ಸಂಶಯಿಸಬೇಕು.

ಎಂಜಿನ್ ನಿಧಾನವಾಗಿ ಓಡುವಾಗ ಬಿಗಿಯಾಗಿದ್ದು, ರೇಸ್ ಮಾಡಿದರೆ ಹಗುರಾಗುತ್ತದೆಯೇ? ಹಾಗಿದ್ದರೆ ಪಂಪಿನಿಂದ ಸಾಕಷ್ಟು ಎಣ್ಣೆ ಬರುತ್ತಿಲ್ಲ. ಎಣ್ಣೆ ಕಡಿಮೆ, ಬೆಲ್ಟ್ ಸಡಿಲ, ಎಳೆಯುವ ಪೈಪಿನಲ್ಲಿ ಗಾಳಿ, ಕಟ್ಟಿಕೊಂಡ ಫಿಲ್ಟರ್, ಕೊನೆಯದಾಗಿ ಸವೆದ ಪಂಪು ಕಾರಣವಿರಬಹುದು.

ಬೆಳಿಗ್ಗೆ ಹಗುರಾಗಿದ್ದು ಬಿಸಿಯಾದ ಮೇಲೆ ಬಿಗಿಯಾಗುತ್ತದೆಯೇ? ಬಿಸಿಗೆ ಎಣ್ಣೆ ತೆಳುವಾಗಿ ಸವೆದ ಸಂದುಗಳಲ್ಲಿ ಜಾರಿಹೋಗುತ್ತಿದೆ ಎಂದು ಅರ್ಥ. ಪಂಪು ಅಥವಾ ಬಾಕ್ಸ್ ಸವೆದಿರಬಹುದು, ಇಲ್ಲವೇ ಬೇರೆ ದರ್ಜೆಯ ಎಣ್ಣೆ ಹಾಕಿರಬಹುದು.

ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ? ಮರಳದಿದ್ದರೆ ಎಣ್ಣೆಯ ಕಡೆ ನೋಡುವ ಮೊದಲು ಕಿಂಗ್ ಪಿನ್, ಬಾಲ್ ಜಾಯಿಂಟ್‌ಗಳ ಕಡೆ ನೋಡಿ.

ಸ್ಟೇರಿಂಗ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಕಡೆ ಹಿಡಿದಂತಾಗುತ್ತದೆಯೇ? ಸ್ಟೇರಿಂಗ್ ಕಂಬದ ಕೆಳಗಿನ ಕ್ರಾಸ್ ಜಾಯಿಂಟ್ ಒಣಗಿರಬಹುದು ಅಥವಾ ತುಕ್ಕು ಹಿಡಿದಿರಬಹುದು.

ಯಾವಾಗಿನಿಂದ? ಯಾವ ಕೆಲಸ ಮಾಡಿಸಿದ ಮೇಲೆ? ಇದು ಬಹಳ ಮುಖ್ಯ. ಪಟ್ಟಾ ಬದಲಾಯಿಸಿದ ಮೇಲೆ ಶುರುವಾಗಿದ್ದರೆ ಮುಂದಿನ ಆಕ್ಸಲ್ ಕೂರಿಸಿದ ಕೋನ ವ್ಯತ್ಯಾಸವಾಗಿರಬಹುದು. ಸ್ಟೇರಿಂಗ್ ಆಟ ತೆಗೆಸಿದ ಮೇಲೆ ಶುರುವಾಗಿದ್ದರೆ ಬಾಕ್ಸಿನ ಮೇಲಿನ ಸ್ಕ್ರೂ ಅತಿಯಾಗಿ ಬಿಗಿಯಾಗಿರಬಹುದು.

ಖರ್ಚಿಲ್ಲದ ಪರೀಕ್ಷೆಗಳು

ಒಂದು: ಟಯರ್. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟಯರ್ ತಣ್ಣಗಿರುವಾಗ, ಮುಂದಿನ ಎರಡೂ ಟಯರುಗಳ ಗಾಳಿಯನ್ನು ಗೇಜ್ ಹಾಕಿ ನೋಡಿ. ಕಾಲಿನಿಂದ ಒದ್ದು ನೋಡುವುದು ಪರೀಕ್ಷೆಯಲ್ಲ. ಗಾಳಿ ಕಡಿಮೆಯಾದರೆ ಟಯರ್ ಹೆಚ್ಚು ಅಗಲಕ್ಕೆ ನೆಲ ಕಚ್ಚುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಗಾಳಿ ಎಷ್ಟಿರಬೇಕೆಂದು ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಹೊರೆಯೆಲ್ಲ ಮುಂದಕ್ಕೆ ಬೀಳುವಂತೆ ತುಂಬಿದ್ದಾರೆಯೇ ಎಂಬುದನ್ನೂ ಗಮನಿಸಿ.

ಎರಡು: ಎಣ್ಣೆಯ ಮಟ್ಟ. ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರೆಸಿ, ಆಮೇಲೆ ತೆಗೆಯಿರಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮಟ್ಟ ನೋಡಿ ಗುರುತು ಮಾಡಿಕೊಳ್ಳಿ. ನಂತರ ಎಂಜಿನ್ ನಿಲ್ಲಿಸಿ ಮತ್ತೆ ನೋಡಿ. ಸಾಮಾನ್ಯವಾಗಿ ಮಟ್ಟ 1ರಿಂದ 2 ಸೆಂ.ಮೀ. ಏರುತ್ತದೆ. ಅದಕ್ಕಿಂತ ಹೆಚ್ಚು ಏರಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ ಎಂದು ತಿಳಿಯಿರಿ. ಒತ್ತಡದಲ್ಲಿ ಕುಗ್ಗಿದ್ದ ಗಾಳಿ ಎಂಜಿನ್ ನಿಂತಾಗ ಹಿಗ್ಗಿ, ಎಣ್ಣೆಯನ್ನು ಡಬ್ಬಿಗೆ ತಳ್ಳುವುದರಿಂದ ಹೀಗಾಗುತ್ತದೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ.

ಮೂರು: ಎಣ್ಣೆಯ ಗುಣ. ಒಂದು ಬಿಳಿ ಬಟ್ಟೆಯ ಮೇಲೆ ಎರಡು ಹನಿ ಬಿಡಿ. ನೊರೆ ಇದ್ದರೆ ಗಾಳಿ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿರಬಹುದು. ಕಪ್ಪಾಗಿ ಸೀದ ವಾಸನೆ ಬಂದರೆ ಎಣ್ಣೆ ಅತಿಯಾಗಿ ಬಿಸಿಯಾಗಿದೆ. ಲೋಹದ ಪುಡಿ ಹೊಳೆದರೆ ಪಂಪು ಅಥವಾ ಬಾಕ್ಸ್ ತಿಂದುಹೋಗುತ್ತಿದೆ.

ನಾಲ್ಕು: ಬೆಲ್ಟ್. ಬೆಲ್ಟಿನಿಂದ ಓಡುವ ಪಂಪಾದರೆ, ಎಂಜಿನ್ ನಿಲ್ಲಿಸಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ತಗ್ಗಿದರೆ, ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಅದು ಜಾರುತ್ತಿದೆ. ಸ್ಟೇರಿಂಗ್ ತಿರುಗಿಸಿದಾಗ ಕಿರ್ ಎಂಬ ಸದ್ದು ಬರುವುದೂ ಇದೇ ಕಾರಣಕ್ಕೆ.

ಐದು: ಸೋರಿಕೆ ಮತ್ತು ಕ್ಲಿಪ್ಪುಗಳು. ಒತ್ತಡದ ಪೈಪು ಸೋರಿದರೆ ಎಣ್ಣೆ ಹೊರಗೆ ಕಾಣುತ್ತದೆ. ಎಳೆಯುವ ಪೈಪಿನ ಕ್ಲಿಪ್ ಸಡಿಲವಾದರೆ ಹೊರಗೆ ಏನೂ ಕಾಣದೆ ಇರಬಹುದು. ಅಲ್ಲಿ ಎಣ್ಣೆ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹಾಲು ಕರೆಯುವ ಯಂತ್ರದ ರಬ್ಬರ್ ನಳಿಗೆ ಸೀಳಿದರೆ ಯಂತ್ರ ಓಡುತ್ತಿದ್ದರೂ ಎಳೆತ ಇಲ್ಲದಂತಾಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಜಾಕ್ ಎತ್ತಿ ನೋಡುವ ಪರೀಕ್ಷೆ

ಇಲ್ಲಿಯವರೆಗೆ ಏನೂ ಸಿಗದಿದ್ದರೆ ದೋಷ ಎಣ್ಣೆಯ ಕಡೆಯದೋ, ಕಬ್ಬಿಣದ ಕಡೆಯದೋ ಎಂದು ಬೇರೆ ಮಾಡಬೇಕು. ಇದೇ ಇಡೀ ಕೆಲಸದ ನಡುಗಂಬ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ಖಾಲಿ ಇರುವಾಗ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಿಮ್ಮಿ ಕೊಡಿ. ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಮಾಲೂರಿನ ಕಡೆ ಸುಲಭವಾಗಿ ಸಿಗುವ ಇಟ್ಟಿಗೆಯನ್ನು ಆಧಾರವಾಗಿ ಕೊಡಲೇಬಾರದು. ಅದು ಭಾರಕ್ಕೆ ಒಡೆಯುತ್ತದೆ.

ಎಂಜಿನ್ ನಿಲ್ಲಿಸಿದ ಸ್ಥಿತಿಯಲ್ಲಿ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಿ. ಒಳಗಿನ ಎಣ್ಣೆಯನ್ನು ತಳ್ಳಬೇಕಾದ್ದರಿಂದ ಸ್ವಲ್ಪ ಭಾರ ಇರುವುದು ಸಹಜ. ಆದರೆ ಅದು ಎಲ್ಲ ಕಡೆ ಒಂದೇ ಸಮನಾಗಿರಬೇಕು. ಎಲ್ಲಿಯೂ ಹಿಡಿಯಬಾರದು, ಕಟಕಟ ಎನ್ನಬಾರದು. ಸಮನಾಗಿದ್ದರೆ ಕಬ್ಬಿಣದ ಕಡೆ ಬಹುಮಟ್ಟಿಗೆ ಸರಿ ಇದೆ, ಎಣ್ಣೆಯ ಕಡೆಗೆ ಹೋಗಬಹುದು.

ಬಹಳ ಬಿಗಿಯಾಗಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಡಿಸಿ. ಈಗ ಎರಡು ಭಾಗ ಬೇರೆಯಾದವು. ಚಕ್ರಗಳನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಳ್ಳಿ ನೋಡಿ. ಅವು ಬಿಗಿಯಾಗಿದ್ದರೆ ದೋಷ ಕಿಂಗ್ ಪಿನ್, ಅದರ ಭಾರ ಹೊರುವ ಬೇರಿಂಗ್ ಅಥವಾ ಟೈ ರಾಡಿನಲ್ಲಿ ಇದೆ. ಚಕ್ರಗಳು ಹಗುರಾಗಿದ್ದು, ಮೇಲಿನ ಸ್ಟೇರಿಂಗ್ ಬಿಗಿಯಾಗಿದ್ದರೆ ಬಾಕ್ಸ್ ಅಥವಾ ಸ್ಟೇರಿಂಗ್ ಕಂಬದಲ್ಲಿ ಇದೆ. ಡ್ರ್ಯಾಗ್ ಲಿಂಕನ್ನು ಮತ್ತೆ ಜೋಡಿಸುವಾಗ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಿಸಿ. ಹಳೆಯದನ್ನು ನೆಟ್ಟಗೆ ಮಾಡಿ ತೂರಿಸಲು ಬಿಡಬೇಡಿ.

ಕಿಂಗ್ ಪಿನ್ ಬಿಗಿಯಾಗಲು ಮುಖ್ಯ ಕಾರಣ ಗ್ರೀಸ್ ಇಲ್ಲದಿರುವುದು. ಮಳೆಗಾಲದ ಕೆಸರು ನೀರು, ಬೇಸಿಗೆಯ ಧೂಳು ಒಳಗೆ ಸೇರಿ ಪಿನ್ನು ತುಕ್ಕು ಹಿಡಿಯುತ್ತದೆ. ಗ್ರೀಸ್ ಹಾಕುವಾಗ ಚಕ್ರ ನೆಲ ಬಿಟ್ಟಿರಲಿ. ಆಗ ಗ್ರೀಸ್ ಎಲ್ಲ ಕಡೆ ಸೇರುತ್ತದೆ. ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ. ನಿಪ್ಪಲ್ ಕಟ್ಟಿಕೊಂಡಿದ್ದರೆ ಅದರ ಮೇಲೆ ಗನ್ ಒತ್ತಿದ್ದನ್ನೇ ಗ್ರೀಸ್ ಹಾಕಿದ ಲೆಕ್ಕಕ್ಕೆ ಬರೆಯಬೇಡಿ. ನಿಪ್ಪಲ್ ಬದಲಾಯಿಸಿ.

ಗೇಜ್ ಹಾಕಿ ಪಂಪು ಪರೀಕ್ಷೆ

ಪಂಪು ಕೆಟ್ಟಿದೆ ಎಂದು ಹೇಳುವ ಮೆಕ್ಯಾನಿಕನಿಗೆ ನೀವು ಕೇಳಬೇಕಾದ ಒಂದೇ ಪ್ರಶ್ನೆ: "ಗೇಜ್ ಹಾಕಿ ನೋಡಿದ್ದೀರಾ?" ಒತ್ತಡದ ಪೈಪಿನ ನಡುವೆ ಒಂದು ಗೇಜ್, ಒಂದು ಮುಚ್ಚುವ ವಾಲ್ವ್ ಜೋಡಿಸಿ ಈ ಪರೀಕ್ಷೆ ಮಾಡುತ್ತಾರೆ. ಇದು ಅನುಭವವಿರುವ ಗ್ಯಾರೇಜಿನ ಕೆಲಸ, ಮನೆಯ ಅಂಗಳದಲ್ಲಿ ಮಾಡುವಂಥದಲ್ಲ. ಆದರೆ ಅದರ ಅರ್ಥ ಮಾಲೀಕನಿಗೆ ಗೊತ್ತಿರಬೇಕು.

ಎಣ್ಣೆ ಬಿಸಿಯಾದ ಮೇಲೆ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ವಾಲ್ವನ್ನು ಕ್ಷಣಕಾಲ ಮುಚ್ಚುತ್ತಾರೆ. ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿದರೆ ಒಳ್ಳೆಯ ಪಂಪೂ ಕೆಡುತ್ತದೆ. ಗೇಜಿನ ಮುಳ್ಳು ಆ ಪಂಪಿಗೆ ಕಂಪನಿ ನಿಗದಿ ಮಾಡಿದ ಒತ್ತಡವನ್ನು ಮುಟ್ಟಿದರೆ ಒತ್ತಡ ಕೊಡುವ ಶಕ್ತಿ ಪಂಪಿಗಿದೆ. ಮುಟ್ಟದಿದ್ದರೆ ಪಂಪು ಅಥವಾ ಅದರ ವಾಲ್ವ್ ದೋಷಪೂರ್ಣ. ವಾಲ್ವಿಗೆ ಕಸ ಸಿಕ್ಕಿಕೊಂಡಿದ್ದರೆ ತೊಳೆದರೇ ಸರಿಹೋಗಬಹುದು.

ಪಂಪು ಒತ್ತಡ ಮುಟ್ಟಿದರೆ ಮುಂದಿನ ಸರದಿ ಬಾಕ್ಸಿನದು. ವಾಲ್ವನ್ನು ಪೂರ್ತಿ ತೆರೆದು, ಚಕ್ರ ತಿರುಗಿ ನಿಲ್ಲುವ ಕಡೆ ಆಕ್ಸಲ್ ಮತ್ತು ತಡೆಯುವ ಬೋಲ್ಟಿನ ನಡುವೆ ಒಂದು ಕಬ್ಬಿಣದ ತುಂಡು ಇಟ್ಟು ತಿರುಗಿಸುತ್ತಾರೆ. ಅನೇಕ ಬಾಕ್ಸುಗಳಲ್ಲಿ ಚಕ್ರ ಪೂರ್ತಿ ತಿರುಗುವ ಮೊದಲೇ ಒತ್ತಡವನ್ನು ಇಳಿಸುವ ಸಣ್ಣ ವಾಲ್ವುಗಳಿರುತ್ತವೆ. ತುಂಡು ಇಡದಿದ್ದರೆ ಆ ಇಳಿತವನ್ನೇ ದೋಷವೆಂದು ತಿಳಿಯುವ ಅಪಾಯ ಇದೆ. ಈಗಲೂ ಅದೇ ಒತ್ತಡ ಬಂದರೆ ಬಾಕ್ಸ್ ಸರಿ. ಒಂದು ಕಡೆಗೆ ಮಾತ್ರ ಕಡಿಮೆಯಾದರೆ ಆ ಕಡೆಯ ಸೀಲು ಅಥವಾ ವಾಲ್ವ್. ಎರಡು ಕಡೆಗೂ ಕಡಿಮೆಯಾದರೆ ಬಾಕ್ಸಿನ ಒಳಗೆ ಎಣ್ಣೆ ಜಾರುತ್ತಿದೆ. ತುಂಡನ್ನು ಕೈಯಲ್ಲಿ ಹಿಡಿದು ನಿಲ್ಲಬಾರದು, ಬೆರಳು ಹೋದೀತು.

ಒಂದು ಉದಾಹರಣೆ

ಮಾಸ್ತಿ ಕಡೆಯ ಒಂದು ಟ್ಯಾಂಕರ್ ಇದೆ ಎಂದುಕೊಳ್ಳೋಣ. ಬೆಳಿಗ್ಗೆ ಖಾಲಿ ಬರುವಾಗ ಸ್ಟೇರಿಂಗ್ ಹಗುರಾಗಿರುತ್ತದೆ. ಹಾಲು ತುಂಬಿಕೊಂಡು ಮಾಲೂರು ಪೇಟೆಯ ತಿರುವಿನಲ್ಲಿ ನಿಧಾನವಾಗಿ ತಿರುಗಿಸುವಾಗ ಎರಡು ಕಡೆಗೂ ಬಿಗಿಯಾಗುತ್ತದೆ. ರೇಸ್ ಮಾಡಿದರೆ ಹಗುರಾಗುತ್ತದೆ. ತಿರುಗಿಸುವಾಗ ಊಳಿಡುವಂಥ ಸದ್ದು. ಮೆಕ್ಯಾನಿಕ್ ಪಂಪು ಹೋಗಿದೆ ಎನ್ನುತ್ತಾನೆ.

ಈಗ ಕ್ರಮವಾಗಿ ನೋಡಿ. ಎರಡು ಕಡೆಗೂ ಬಿಗಿ ಎಂದರೆ ಬಾಕ್ಸಿನ ಒಂದು ಪಕ್ಕದ ದೋಷವಲ್ಲ. ರೇಸ್ ಮಾಡಿದರೆ ಹಗುರ ಎಂದರೆ ಕಿಂಗ್ ಪಿನ್ ಅಲ್ಲ. ತುಕ್ಕು ಹಿಡಿದ ಪಿನ್ನು ರೇಸಿಗೆ ಸಡಿಲವಾಗುವುದಿಲ್ಲ. ಹಾಗಾದರೆ ಎಣ್ಣೆ ಸಾಲುತ್ತಿಲ್ಲ. ಟಯರ್ ಗಾಳಿ ಸರಿ, ಬೆಲ್ಟ್ ಸರಿ. ಎಂಜಿನ್ ಓಡುವಾಗ ಎಣ್ಣೆಯ ಮಟ್ಟ ಸರಿ. ಎಂಜಿನ್ ನಿಲ್ಲಿಸಿದರೆ ಮಟ್ಟ ಮೂರು ಬೆರಳು ಏರುತ್ತದೆ, ಮೇಲೆ ನೊರೆ. ಅಲ್ಲಿಗೆ ಗಾಳಿ ಸೇರುತ್ತಿರುವುದು ಖಚಿತ. ಎಳೆಯುವ ಪೈಪನ್ನು ಹಿಡಿದು ಅಲುಗಿಸಿದರೆ ಕ್ಲಿಪ್ಪಿನ ಬಳಿ ಪೈಪು ಗಟ್ಟಿಯಾಗಿ ಸೀಳಿದೆ. ಬೇಕಾದದ್ದು ಒಂದು ತುಂಡು ಪೈಪು, ಎರಡು ಕ್ಲಿಪ್ಪು, ಒಂದಿಷ್ಟು ಎಣ್ಣೆ.

ಇದನ್ನು ನೋಡದೆ ಹೊಸ ಪಂಪು ಹಾಕಿಸಿದ್ದರೆ? ಅದೇ ಸೀಳಿದ ಪೈಪಿನಿಂದ ಹೊಸ ಪಂಪೂ ಗಾಳಿ ಎಳೆದು, ಒಣಗಿ ಉಜ್ಜಿ, ಸವೆಯುತ್ತಿತ್ತು. ಆಗ ಮಾಲೀಕ ಬೈಯುವುದು ಪಂಪು ಮಾಡಿದ ಕಂಪನಿಯನ್ನು.

ಗಾಳಿ ತೆಗೆಯುವುದು

ಪೈಪು, ಪಂಪು, ಬಾಕ್ಸ್ ಯಾವುದನ್ನು ಬಿಚ್ಚಿದರೂ ಕೊನೆಗೆ ಗಾಳಿ ತೆಗೆಯಬೇಕು. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ. ಕಂಪನಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ಡಬ್ಬಿಯ ಗುರುತಿನವರೆಗೆ ತುಂಬಿ. ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸುತ್ತಿರಲಿ, ಇನ್ನೊಬ್ಬರು ಡಬ್ಬಿಯಲ್ಲಿ ಎಣ್ಣೆ ಇಳಿಯದಂತೆ ಹಾಕುತ್ತಿರಲಿ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿ. ಕೊನೆಯಲ್ಲಿ ಸ್ಟೇರಿಂಗನ್ನು ಒತ್ತಿ ಹಿಡಿಯಬೇಡಿ. ನಂತರ ಎಂಜಿನ್ ನಿಲ್ಲಿಸಿ, ಮಟ್ಟ ಎಷ್ಟು ಏರುತ್ತದೆಂದು ಮತ್ತೆ ನೋಡಿ.

ಕೈಗೆ ಸಿಕ್ಕಿದ ಎಣ್ಣೆ ಹಾಕುವುದು ದೊಡ್ಡ ಕೆಡುಕು. ಮುಖ್ಯವಾಗಿ ಬ್ರೇಕ್ ಆಯಿಲ್ ಹಾಕಲೇಬಾರದು. ಅದು ಸ್ಟೇರಿಂಗಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ.

ದಾರಿಯಲ್ಲಿ ಬಿಗಿಯಾದರೆ

ಪವರ್ ಹೋದರೂ ಸ್ಟೇರಿಂಗ್ ಕಡಿದುಹೋಗುವುದಿಲ್ಲ. ಬಹಳ ಭಾರವಾಗುತ್ತದೆ ಅಷ್ಟೇ, ಬಲವಾಗಿ ತಿರುಗಿಸಿದರೆ ಚಕ್ರ ತಿರುಗುತ್ತದೆ. ಇದನ್ನು ಚಾಲಕ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ವೇಗ ತಗ್ಗಿಸಿ, ಎರಡು ಕೈಯಿಂದ ಹಿಡಿದು, ರಸ್ತೆಯ ಬದಿಗೆ ನಿಲ್ಲಿಸಬೇಕು. ಎಂಜಿನ್ ಆರಿಸುವುದು ಗಾಡಿ ನಿಂತ ಮೇಲೆ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸುವ ಅಭ್ಯಾಸ ಕೆಲವರಿಗಿದೆ. ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಎಂಜಿನ್ನಿನ ಹಿಡಿತವೂ ಇಲ್ಲ. ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನಿಂದ ಚಿತ್ತೂರಿನ ಕಡೆ ಮೊಗಿಲಿ ಘಾಟಿ ಇಳಿಯುವ ನಮ್ಮ ಟೊಮೆಟೊ, ಮಾವಿನ ಲಾರಿಗಳ ಚಾಲಕರು ಇದನ್ನು ಮುಖ್ಯವಾಗಿ ಗಮನಿಸಬೇಕು. ಒಂದು ಲೀಟರ್ ಡೀಸೆಲ್ಲಿನ ಆಸೆಗೆ ಮೂರು ರಕ್ಷಣೆಗಳನ್ನು ಒಟ್ಟಿಗೆ ಕಳೆದುಕೊಳ್ಳುವುದು ಲೆಕ್ಕವಲ್ಲ.

ಎಣ್ಣೆ ಪೂರ್ತಿ ಸೋರಿಹೋದ ಗಾಡಿಯನ್ನು ಹೇಗೋ ಓಡಿಸಿಕೊಂಡು ಹೋದರೆ ಪಂಪು ಒಣಗಿ ಸುಟ್ಟುಹೋಗುತ್ತದೆ. ಹಾಲು ತುಂಬಿದ್ದರೆ ಚಾಲಕನು ಕೂಡಲೇ ಸಂಘದ ಕಾರ್ಯದರ್ಶಿಗೂ ಒಕ್ಕೂಟಕ್ಕೂ ಫೋನ್ ಮಾಡಿ ಬೇರೆ ವಾಹನಕ್ಕೆ ಕೇಳಲಿ. ಅರ್ಧ ಗಂಟೆ ತಾನೇ ಸರಿಮಾಡಲು ನೋಡಿ ಆಮೇಲೆ ತಿಳಿಸಿದರೆ ಆ ಅರ್ಧ ಗಂಟೆ ಹಾಲಿನ ಆಯುಷ್ಯದಿಂದ ಕಳೆದಂತೆ.

ಸಡಿಲವೂ ಅಪಾಯವೇ

ಬಿಗಿ ತೆಗೆಯಲು ಹೋಗಿ ಅತಿ ಸಡಿಲ ಮಾಡಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. ಗಡಿಯಾರದ ಮುಖದಲ್ಲಿ 12ರಿಂದ 1ರವರೆಗಿನ ಅಂತರವೇ 30 ಡಿಗ್ರಿ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಬಂದೋಬಸ್ತಾಗಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಆಟ ಹೆಚ್ಚಾಗಿದ್ದರೆ ಯಾವ ಜಾಯಿಂಟಿನಲ್ಲಿ ಎಂದು ಹುಡುಕಿ ಅದನ್ನು ಬದಲಾಯಿಸಬೇಕು. ಎಲ್ಲದಕ್ಕೂ ಬಾಕ್ಸಿನ ಸ್ಕ್ರೂ ತಿರುವುವುದು ಮದ್ದಲ್ಲ. ಸವೆದ ಜಾಯಿಂಟ್ ಸವೆದೇ ಇರುತ್ತದೆ, ಬಾಕ್ಸ್ ಮಾತ್ರ ನಡುವೆ ಹಿಡಿಯಲು ಶುರುವಾಗುತ್ತದೆ.

ಟ್ರ್ಯಾಕ್ಟರ್ ಇರುವವರಿಗೆ

ಪವರ್ ಸ್ಟೇರಿಂಗ್ ಇರುವ ಟ್ರ್ಯಾಕ್ಟರಿಗೂ ಇದೇ ಕ್ರಮ ಬಹುಪಾಲು ಹೊಂದುತ್ತದೆ. ಮುಂದಿನ ಟಯರಿನ ಗಾಳಿ, ಎಣ್ಣೆಯ ಮಟ್ಟ, ಫಿಲ್ಟರ್, ಬೆಲ್ಟ್ ಇದ್ದರೆ ಬೆಲ್ಟ್, ಮುಂದಿನ ಆಕ್ಸಲಿನ ಗ್ರೀಸ್ ಇವನ್ನು ಮೊದಲು ನೋಡಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲ, ಎಣ್ಣೆ ಮಾತ್ರ ಇದೆ. ಅಂಥ ಟ್ರ್ಯಾಕ್ಟರಿನ ಪೈಪು ಒಡೆದರೆ ಸ್ಟೇರಿಂಗ್ ಸುಮ್ಮನೆ ತಿರುಗಬಹುದು, ಚಕ್ರ ತಿರುಗದೆ ಇರಬಹುದು. ಆದ್ದರಿಂದ ಉಜ್ಜಿದ, ಬಿರುಕು ಬಿಟ್ಟ ಪೈಪನ್ನು ಹಾಗೇ ಬಿಟ್ಟು ಮೇವಿನ ಟ್ರೈಲರ್ ಕಟ್ಟಿಕೊಂಡು ರಸ್ತೆಗೆ ಇಳಿಯಬೇಡಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಕೇಳದೆ ಬಿಚ್ಚಬೇಡಿ. ಯಾವ ಕಡೆಗೆ, ಯಾವಾಗ, ಯಾವ ಕೆಲಸದ ನಂತರ ಎಂದು ಮೊದಲು ತಿಳಿಯಿರಿ.

2. ಟಯರ್, ಎಣ್ಣೆ, ಬೆಲ್ಟ್, ಕ್ಲಿಪ್ಪು ಈ ನಾಲ್ಕನ್ನು ನೋಡದೆ ಹಣ ಖರ್ಚು ಮಾಡಬೇಡಿ.

3. ಎಂಜಿನ್ ನಿಲ್ಲಿಸಿದಾಗ ಎಣ್ಣೆಯ ಮಟ್ಟ 2 ಸೆಂ.ಮೀ.ಗಿಂತ ಹೆಚ್ಚು ಏರಿದರೆ ಗಾಳಿ ಸೇರಿದೆ.

4. ಚಕ್ರ ಎತ್ತಿ ನೋಡಿದರೆ ದೋಷ ಎಣ್ಣೆಯದೋ ಕಬ್ಬಿಣದ್ದೋ ತಿಳಿಯುತ್ತದೆ.

5. ಗೇಜ್ ಹಾಕದೆ ಪಂಪು ಬದಲಾಯಿಸಲು ಒಪ್ಪಬೇಡಿ.

6. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ.

7. ಎಣ್ಣೆ, ಫಿಲ್ಟರ್ ಬದಲಾಯಿಸಿದ ದಿನ ಮತ್ತು ಕಿಲೋಮೀಟರನ್ನು ಬರೆದಿಡಿ. ಹಸುವಿಗೆ ಲಸಿಕೆ ಹಾಕಿಸಿದ ದಿನವನ್ನು ಬರೆದಿಡುವಂತೆಯೇ ಇದೂ.

8. ಇಳಿಜಾರಿನಲ್ಲಿ ಎಂಜಿನ್ ಎಂದೂ ಆರಿಸಬೇಡಿ.

ಸ್ವಂತ ಲಾರಿ ಇಲ್ಲದ ಸದಸ್ಯರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ನಿಮ್ಮ ಊರಿಗೆ ಬರುವ ಹಾಲಿನ ಲಾರಿಯ ಚಾಲಕ ಸ್ಟೇರಿಂಗ್ ಬಿಗಿ ಎಂದು ಎರಡು ದಿನ ಹೇಳಿಕೊಂಡರೆ ಅದನ್ನು ಅವನ ಗೋಳು ಎಂದು ಬಿಡಬೇಡಿ. ಸಂಘದ ಕಾರ್ಯದರ್ಶಿಗೆ ತಿಳಿಸಿ. ಅವರು ಮೇಲ್ವಿಚಾರಕರಿಗೆ ತಿಳಿಸಲಿ. ಆ ಲಾರಿಯಲ್ಲಿ ಹೋಗುತ್ತಿರುವುದು ನಿಮ್ಮ ಹಾಲು. ಅದನ್ನು ನಡೆಸುತ್ತಿರುವವನೂ ನಮ್ಮಂಥದೇ ಒಂದು ಊರಿನ ಮನೆಯ ಮಗ.